ಓವನ್‌ವೇರ್ ಒಂದು ಪದವಾ, ಎರಡು ಪದವಾ?

ಟಿವಿಯ ಪದದಾಟವೊಂದರಲ್ಲಿ ನಾನು ಸೋತದ್ದು ಎರಡೇ ಎರಡು ಪಾಯಿಂಟಿಗೆ. ಎದುರಾಳಿ 76, ನಾನು 74. ಫೋನ್ ಮಾಡಿದ ನೆಂಟರೆಲ್ಲ "ಎರಡೇ ಅಲ್ವಾ, ಬಿಡು" ಅನ್ನುತ್ತಾರೆ. ಅವರಿಗೇನು, ಬಿಡುವುದು ಸುಲಭ. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಓವನ್ನಿನಲ್ಲಿಡುವ ಗಾಜಿನ ಪಾತ್ರೆಯ ರಟ್ಟಿನ ಡಬ್ಬವೊಂದಿದೆ. ನನ್ನನ್ನು ಸೋಲಿಸಿದ ಪದ ಅದರ ಮೇಲೆ ದಪ್ಪಕ್ಷರದಲ್ಲಿದೆ. ಸಕ್ಕರೆ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.

ಕಾರ್ಯಕ್ರಮದ ಹೆಸರು ಕೌಂಟ್‌ಡೌನ್. ಬ್ರಿಟನ್ನಿನ ಚಾನೆಲ್ 4ರಲ್ಲಿ ಬರುತ್ತದೆ. ಆ ಚಾನೆಲ್ 1982ರ ನವೆಂಬರ್ 2ರಂದು ಶುರುವಾದಾಗ ಮೊಟ್ಟಮೊದಲು ತೋರಿಸಿದ್ದೇ ಇದನ್ನು. ಮೂಲ ಫ್ರಾನ್ಸಿನದು. ಅಲ್ಲಿ 1965ರಿಂದಲೇ ಇಂಥ ಪದದಾಟ ಟಿವಿಯಲ್ಲಿತ್ತು, ಸಂಖ್ಯೆಗಳು ಆಮೇಲೆ ಸೇರಿಕೊಂಡವು. ಆಟ ಇಷ್ಟೇ: ಒಂಬತ್ತು ಅಕ್ಷರ ಕೊಡುತ್ತಾರೆ, ಮೂವತ್ತು ಸೆಕೆಂಡಿನಲ್ಲಿ ಆದಷ್ಟು ಉದ್ದದ ಪದ ಮಾಡಬೇಕು. ಆರು ಸಂಖ್ಯೆ ಕೊಡುತ್ತಾರೆ, ಅದೇ ಮೂವತ್ತು ಸೆಕೆಂಡಿನಲ್ಲಿ ಕೂಡಿ, ಕಳೆದು, ಗುಣಿಸಿ, ಭಾಗಿಸಿ ಗುರಿಸಂಖ್ಯೆ ಮುಟ್ಟಬೇಕು. ಹತ್ತು ಅಕ್ಷರದ ಸುತ್ತು, ನಾಲ್ಕು ಸಂಖ್ಯೆಯ ಸುತ್ತು. ಕೊನೆಗೆ ಕಲಸಿಟ್ಟ ಒಂಬತ್ತಕ್ಷರದ ಒಂದು ಪದ, ಅದಕ್ಕೆ ಕನಂಡ್ರಮ್ ಅಂತ ಹೆಸರು. ಯಾರು ಮೊದಲು ಬಝರ್ ಒತ್ತಿ ಸರಿ ಹೇಳುತ್ತಾರೋ ಅವರಿಗೆ ಹತ್ತು ಪಾಯಿಂಟು. ಗೆದ್ದವರಿಗೆ ದುಡ್ಡೇನೂ ಇಲ್ಲ. ಆ ಕಾರ್ಯಕ್ರಮದ ಗಡಿಯಾರದಂತೆ ಮಾಡಿದ ಒಂದು ಟೀಪಾಟ್ ಕೊಡುತ್ತಾರೆ. ಒಂದು ಟೀಪಾಟಿಗೆ ಜನ ಇಷ್ಟು ಒದ್ದಾಡುತ್ತಾರಾ? ಒದ್ದಾಡುತ್ತಾರೆ ಸ್ವಾಮಿ, ನಾನೇ ಸಾಕ್ಷಿ.

ನಾನು ಈ ದೇಶಕ್ಕೆ ಬಂದದ್ದು 2004ರಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬಾಯಿ ಬಿಡಲು ಮಾತ್ರ ಹೆದರಿಕೆ. ಮಗಳು ಹುಟ್ಟಿದ ಮೇಲೆ ಮಧ್ಯಾಹ್ನವೆಲ್ಲ ಮನೆಯಲ್ಲೇ. ಮಗು ತೊಡೆಯ ಮೇಲೆ ಮಲಗಿದರೆ ಏಳುವ ಹಾಗಿಲ್ಲ, ರಿಮೋಟು ಕೈಗೆ ಎಟುಕುವುದಿಲ್ಲ. ಟಿವಿಯಲ್ಲಿ ಏನು ಬರುತ್ತೋ ಅದನ್ನೇ ನೋಡಬೇಕು. ಬರುತ್ತಿದ್ದದ್ದು ಇದು. ಆಗ ರಿಚರ್ಡ್ ವೈಟ್ಲಿ ನಡೆಸಿಕೊಡುತ್ತಿದ್ದರು, ಸಂಖ್ಯೆಗಳ ಹಲಗೆಯ ಹತ್ತಿರ ಕ್ಯಾರೊಲ್ ವಾರ್ಡರ್‌ಮನ್. ವೈಟ್ಲಿ 2005ರ ಜೂನ್‌ನಲ್ಲಿ ತೀರಿಕೊಂಡರು. ಈ ದೇಶದಲ್ಲಿ ನನಗೆ ಪರಿಚಯದವರೇ ಇರಲಿಲ್ಲ, ಆದರೂ ಅವತ್ತು ಗುರುತಿನವರು ಹೋದ ಹಾಗಾಯಿತು. ಅವರ ಹಾಸ್ಯ ಮುಕ್ಕಾಲು ಪಾಲು ನನಗೆ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಮುಕ್ಕಾಲು ಅಂದೆ ನೋಡಿ, ಅಲ್ಲೇ ನನ್ನ ಬಂಡವಾಳ ಇದ್ದದ್ದು.

ಸಂಖ್ಯೆ ಸುತ್ತಿನಲ್ಲಿ ಇಪ್ಪತ್ತನಾಲ್ಕು ಬಿಲ್ಲೆಗಳಿರುತ್ತವೆ. ಒಂದರಿಂದ ಹತ್ತರವರೆಗೆ ಎರಡೆರಡು, ಇವು ಚಿಕ್ಕವು. ದೊಡ್ಡವು ನಾಲ್ಕೇ: 25, 50, 75, 100. ಯಾವುದು ಎಷ್ಟು ಬೇಕು ಅಂತ ಆಟಗಾರರೇ ಹೇಳಬೇಕು. ಇಲ್ಲಿಯವರು ಸಾಮಾನ್ಯವಾಗಿ ಒಂದು ದೊಡ್ಡದು, ಐದು ಚಿಕ್ಕದು ಕೇಳುತ್ತಾರೆ. ನಾಲ್ಕೂ ದೊಡ್ಡದು ಕೇಳುವವರು ಕಡಿಮೆ, ಯಾಕೆಂದರೆ 75ರ ಮಗ್ಗಿ ಜನರಿಗೆ ಬರುವುದಿಲ್ಲ. ನನಗೆ ಬರುತ್ತದೆ. ಅದನ್ನು ನಾನು 75ರ ಮಗ್ಗಿ ಅಂತ ಕಲಿತದ್ದಲ್ಲ. ನಮ್ಮಜ್ಜ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಒಪ್ಪಿಸದೆ ಊಟಕ್ಕೆ ಬಿಡುತ್ತಿರಲಿಲ್ಲ. ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು, ನಾಲ್ಕು ಮುಕ್ಕಾಲು ಮೂರು. ಟಿವಿಯ ಮುಂದೆ ಕೂತಿದ್ದಾಗ ಒಂದು ದಿನ ಹೊಳೆಯಿತು: ಅರೆ, ಇವರ ದೊಡ್ಡ ಬಿಲ್ಲೆಗಳು ಕಾಲು, ಅರ್ಧ, ಮುಕ್ಕಾಲು, ಒಂದು! ನೂರರಿಂದ ಗುಣಿಸಿಕೊಂಡರೆ ಆಯಿತು. ಏಳು ಮುಕ್ಕಾಲು ಐದೂಕಾಲು, ಅಂದರೆ 525. ಅವತ್ತಿನಿಂದ ಸಂಖ್ಯೆ ಸುತ್ತು ನನ್ನದಾಯಿತು. ಅಕ್ಷರಗಳಿಗೆ ಇನ್ನೂ ಸುಮಾರು ವರ್ಷ ಹಿಡಿಯಿತು.

ಅರ್ಜಿ ಹಾಕಿಸಿದ್ದು ಮಗಳು. ಅವಳಿಗೆ ಆಗ ಹತ್ತೊಂಬತ್ತು. "ಅಮ್ಮ, ಸೋಫಾದಲ್ಲಿ ಕೂತು ಅವರನ್ನೆಲ್ಲ ಬೈತೀಯಲ್ಲ, ಒಂದು ಸಲ ಹೋಗಿ ನೋಡು" ಅಂದಳು. ಫಾರಂ ಅವಳೇ ತುಂಬಿದಳು. ಕೆಲವು ವಾರ ಬಿಟ್ಟು ಫೋನ್ ಬಂತು. ಫೋನಿನಲ್ಲೇ ಆಡಿಷನ್. ಆಚೆಯಿಂದ ಒಬ್ಬರು ಅಕ್ಷರ ಓದುತ್ತಾರೆ, ಮೂವತ್ತು ಸೆಕೆಂಡು ಸುಮ್ಮನಿರುತ್ತಾರೆ, "ಎಷ್ಟು?" ಅಂತ ಕೇಳುತ್ತಾರೆ. ನಾನು ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ನಿಂತು, ಕರೆಂಟ್ ಬಿಲ್ಲಿನ ಕವರಿನ ಹಿಂದೆ ಬರೆದುಕೊಂಡೆ. ಪದಗಳಲ್ಲಿ ಆರು, ಏಳು ಅಕ್ಷರ ಬಂದವು. ಸಂಖ್ಯೆಗಳೆಲ್ಲ ಪೂರ್ತಿ ಸರಿ. ಸಾಕಾಯಿತು ಅಂತ ಕಾಣುತ್ತದೆ.

ಆಮೇಲಿನ ತಿಂಗಳುಗಳ ಅಭ್ಯಾಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಾ ರಾತ್ರಿ ಮಗಳು ಅಕ್ಷರ ಕೊಡುವುದು, ನಾನು ಬರೆಯುವುದು, ನನ್ನ ಗಂಡ ಅಡ್ಡಬಾಯಿ ಹಾಕುವುದು. ಒಂದು ಹಳೇ ಲೆಕ್ಕ ಮಾತ್ರ ನಿಮಗೆ ತೋರಿಸಲೇಬೇಕು. 1997ರಲ್ಲಿ ಒಬ್ಬ ಸ್ಪರ್ಧಿಗೆ ಬಂದ ಸಂಖ್ಯೆಗಳು 25, 50, 75, 100, 3, 6. ಗುರಿ 952. ಆತ ನೂರಕ್ಕೆ ಆರು ಕೂಡಿಸಿ ಮೂರರಿಂದ ಗುಣಿಸಿದ, 318. ಅದನ್ನು 75ರಿಂದ ಗುಣಿಸಿ 23,850 ಮಾಡಿದ. 50 ಕಳೆದ, 23,800. ಆಮೇಲೆ 25ರಿಂದ ಭಾಗಿಸಿದ. 952! ಮೂವತ್ತೇ ಸೆಕೆಂಡಿನಲ್ಲಿ. ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜ ಇದ್ದಿದ್ದರೆ ಎರಡನೇ ಸಲ ಬಾಯಲ್ಲಿ ಒಪ್ಪಿಸು ಅನ್ನುತ್ತಿದ್ದರು.

ಮೊದಲೆಲ್ಲ ರೆಕಾರ್ಡಿಂಗ್ ಲೀಡ್ಸ್‌ನಲ್ಲಿ ನಡೆಯುತ್ತಿತ್ತು. ನಾನು ಹೋದಾಗ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ, ಮೀಡಿಯಾಸಿಟಿಯ ಸ್ಟುಡಿಯೋದಲ್ಲಿ. ಗುರಿಸಂಖ್ಯೆ ಕೊಡುವ ಯಂತ್ರಕ್ಕೆ ಸೆಸಿಲ್ ಅಂತ ಹೆಸರು, ಆ ಹೆಸರಿನ ಕೊನೆಯ ಅಕ್ಷರ ಈಗಲೂ ಲೀಡ್ಸ್‌ನದೇ. ಊರು ಬಿಟ್ಟರೂ ಹೆಸರಿನಲ್ಲಿ ಊರು ಉಳಿಸಿಕೊಳ್ಳುವುದು ನಮ್ಮವರು ಮಾತ್ರ ಅಂದುಕೊಂಡಿದ್ದೆ.

ಒಂದೇ ದಿನ ಐದು ಸಂಚಿಕೆ ಚಿತ್ರೀಕರಿಸುತ್ತಾರೆ. ಗೆದ್ದವರು ಮುಂದಿನದರಲ್ಲೂ ಕೂರಬೇಕು. ನೋಡುವವರಿಗೆ ಅದು ಮರುದಿನ, ನಮಗೆ ಮುಕ್ಕಾಲು ಗಂಟೆ ಬಿಟ್ಟು. ಹಾಗಾಗಿ ಬೇರೆ ಬೇರೆ ಬಟ್ಟೆ ತನ್ನಿ ಅಂತ ಮೊದಲೇ ಹೇಳಿದ್ದರು. ನಾನು ಐದು ಕುರ್ತಾ ಇಸ್ತ್ರಿ ಮಾಡಿಕೊಂಡು ಹೋದೆ. ಹ್ಯಾಂಗರಿನಲ್ಲಿ ಐದನ್ನೂ ತೂಗುಹಾಕಿದಾಗ ಮಗಳು ನಕ್ಕಳು. "ಎಂಟು ಸಲ ಗೆದ್ರೆ?" ಅಂತ ಕೇಳಿದಳು. ಎಂಟು ಸಲ ಗೆದ್ದವರನ್ನು ಆಕ್ಟೋಚಾಂಪ್ ಅನ್ನುತ್ತಾರೆ. ಅವರು ಅಲ್ಲಿಗೆ ನಿಲ್ಲಿಸಿ, ಸರಣಿಯ ಕೊನೆಯ ಸುತ್ತುಗಳಿಗೆ ಮತ್ತೆ ಬರುತ್ತಾರೆ. "ಮೂರು ಸಲ ಒಗೆದು ಹಾಕ್ಕೋತೀನಿ ಬಿಡು" ಅಂದೆ. ಬಳಸಿದ್ದು ಒಂದೇ ಕುರ್ತಾ.

ಎದುರಾಳಿ ಅರವತ್ತೈದು ದಾಟಿದ ಹಿರಿಯರು. ಆಗಲೇ ನಾಲ್ಕು ಗೆದ್ದಿದ್ದರು. ಮೇಕಪ್ ಕುರ್ಚಿಯಲ್ಲಿ ಪಕ್ಕಪಕ್ಕ ಕೂರಿಸಿದರು. ನನ್ನ ಕೈ ನಡುಗುವುದನ್ನು ನೋಡಿ ಅವರು ತಮ್ಮ ಕೈಯನ್ನೂ ಚಾಚಿ ತೋರಿಸಿದರು. ಅದೂ ನಡುಗುತ್ತಿತ್ತು. "ಐದನೇ ಸಲವೂ ಹೀಗೇನಾ?" ಅಂತ ಕೇಳಿದೆ. "ಐದನೇ ಸಲ ಜಾಸ್ತಿ" ಅಂದರು. ಅವರ ಮೇಲೆ ಸಿಟ್ಟು ಬರಿಸಿಕೊಳ್ಳಬೇಕು ಅಂತ ಬಂದಿದ್ದೆ, ಆ ದಾರಿ ಅಲ್ಲಿಗೇ ಮುಚ್ಚಿತು.

ಟಿವಿಯಲ್ಲಿ ಕಾಣುವುದಕ್ಕಿಂತ ಸೆಟ್ಟು ಚಿಕ್ಕದು. ಗಡಿಯಾರ ಮಾತ್ರ ದೊಡ್ಡದು. ಅದರ ಮುಳ್ಳು ಹನ್ನೆರಡರಿಂದ ಆರಕ್ಕೆ ಇಳಿದು ನಿಲ್ಲುತ್ತದೆ, ಅರ್ಧ ಸುತ್ತು ಅಷ್ಟೇ. ಅದರ ಜೊತೆ ಬರುವ ಸಂಗೀತವನ್ನು ಅಲನ್ ಹಾಕ್‌ಶಾ ಮಾಡಿದ್ದು. ಇಪ್ಪತ್ತು ವರ್ಷ ಅದನ್ನು ಕೇಳಿ ಅದರ ಮೇಲೆ ಪ್ರೀತಿ ಬೆಳೆದಿತ್ತು. ಮೇಜಿನ ಹಿಂದೆ ಕೂತು ಕೇಳಿದಾಗ ಅದೇ ಸಂಗೀತ ಸಾಲ ಕೊಟ್ಟವನು ಬಾಗಿಲು ಬಡಿದ ಹಾಗಿತ್ತು.

ಮೊದಲ ಸುತ್ತು ಇಬ್ಬರಿಗೂ ಏಳಕ್ಷರ. ಒಳ್ಳೇ ಶುರು. ಎರಡನೆಯದರಲ್ಲಿ ನನ್ನದು ಆರು, ಅವರದು ಏಳು. ಇಲ್ಲಿ ಒಂದು ಕ್ರೂರ ನಿಯಮ ಇದೆ. ಉದ್ದದ ಪದದವರಿಗೆ ಮಾತ್ರ ಪಾಯಿಂಟು. ಗಿಡ್ಡದ್ದಕ್ಕೆ ಸೊನ್ನೆ. ಇಬ್ಬರದೂ ಸಮ ಆದರೆ ಇಬ್ಬರಿಗೂ ಸಿಗುತ್ತದೆ. ಹಾಗಾಗಿ ಒಂದಕ್ಷರದ ಅಂತರ ಅಂದರೆ ಒಂದು ಪಾಯಿಂಟಲ್ಲ, ಏಳು.

ಆಮೇಲೆ ಮೊದಲ ಸಂಖ್ಯೆ ಸುತ್ತು. ನನ್ನ ಅಖಾಡ ಅಂದುಕೊಂಡೆ. ಅವರು ಒಂದು ದೊಡ್ಡದು ಕೇಳಿದರು. 100, 9, 7, 6, 3, 2 ಬಂತು. ಗುರಿ 637. ನಾನು ಆರು ನೂರು ಹಿಡಿದೆ. ಉಳಿದದ್ದು 37. ಒಂಬತ್ಮೂರ್ಲಿ ಇಪ್ಪತ್ತೇಳು, ಏಳು ಕೂಡಿಸಿದರೆ ಮೂವತ್ನಾಲ್ಕು, ಮೂರು ಕೂಡಿಸಿದರೆ ಮೂವತ್ತೇಳು. ಆಯಿತು! ಗಡಿಯಾರ ಇನ್ನೂ ನಾಲ್ಕರ ಹತ್ತಿರ. ಪೆನ್ ಕೆಳಗಿಟ್ಟು ಮಗಳ ಕಡೆ ನೋಡಿ ನಕ್ಕೆ ಬೇರೆ.

ಇಬ್ಬರೂ 637 ಅಂದೆವು. ನನ್ನನ್ನು ಮೊದಲು ಕೇಳಿದರು. ಜೋರಾಗಿ ಹೇಳತೊಡಗಿದೆ. ಆರು ನೂರ್ಲಿ ಆರುನೂರು. ಒಂಬತ್ಮೂರ್ಲಿ ಇಪ್ಪತ್ತೇಳು. ಏಳು, ಮೂವತ್ನಾಲ್ಕು. ಮತ್ತೆ ಮೂರು... ಅಲ್ಲಿ ಬಾಯಿ ನಿಂತಿತು. ಮೂರು ಒಂದೇ ಇತ್ತು, ಅದನ್ನು ಒಂಬತ್ತಕ್ಕೆ ಕೊಟ್ಟಾಗಿತ್ತು. ಇಲ್ಲದ ಬಿಲ್ಲೆಗೆ ಕೈ ಚಾಚಿ ನಿಂತಿದ್ದೆ. ಹಿರಿಯರು ಏನು ಮಾಡಿದ್ದರು ಗೊತ್ತಾ? ನೂರರಲ್ಲಿ ಒಂಬತ್ತು ಕಳೆದು 91, ಅದನ್ನು ಏಳರಿಂದ ಗುಣಿಸಿ 637. ಎರಡೇ ಹೆಜ್ಜೆ. ಕೈಯಲ್ಲಿದ್ದ ಎರಡನ್ನು ಸೇರಿಸಿ 636 ಅಂದಿದ್ದರೂ ಅವರದೇ ಸರಿ, ನನಗೆ ಸೊನ್ನೆಯೇ. ಆದರೆ ಮರ್ಯಾದೆ ಉಳಿಯುತ್ತಿತ್ತು. 24ಕ್ಕೆ 7.

ಮುಂದೆ ಆರಾರು ಅಕ್ಷರ ಸಮ. ಅದರ ಮುಂದಿನದರಲ್ಲಿ ನನಗೆ "ಕಾರ್ಡಿಗನ್" ಸಿಕ್ಕಿತು, ಇಂಗ್ಲಿಷಿನಲ್ಲಿ ಎಂಟಕ್ಷರ. ಹೇಗೆ ಸಿಕ್ಕಿತು ಅಂದರೆ ಎದುರಿಗಿದ್ದವರು ಹಾಕಿಕೊಂಡಿದ್ದರು. ಅವರಿಗೆ ಏಳೇ. ತಮ್ಮ ಎದೆ ತಾವೇ ಒಂದು ಸಲ ಬಗ್ಗಿ ನೋಡಿಕೊಂಡರು ಪಾಪ.

ಎರಡನೇ ಸಂಖ್ಯೆ ಸುತ್ತು, ಆಯ್ಕೆ ನನ್ನದು. ನಾಲ್ಕು ದೊಡ್ಡದು ಕೇಳಿದೆ. ಅವುಗಳ ಜೊತೆ 9 ಮತ್ತು 3. ಗುರಿ 681. ಒಂಬತ್ತು ಮುಕ್ಕಾಲು ಆರೂಮುಕ್ಕಾಲು. 675. ಅದು ಲೆಕ್ಕವೇ ಅಲ್ಲ, ಉಸಿರು. ಇನ್ನು ಆರು ಬೇಕು. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು. ಎರಡ್ಮೂರ್ಲಿ ಆರು. 681. ಈ ಸಲ ಬಿಲ್ಲೆಗಳನ್ನು ಬೆರಳಿಟ್ಟು ಎಣಿಸಿದೆ. ಒಂದಲ್ಲ, ಮೂರು ಸಲ. ಹಿರಿಯರದು 678. ಹತ್ತಿರದವರಿಗೆ ಮಾತ್ರ ಪಾಯಿಂಟು ಅನ್ನುವ ನಿಯಮ ಈಗ ನನ್ನ ಕಡೆ. 31ಕ್ಕೆ 30, ನಾನು ಮುಂದೆ. ಅಜ್ಜನನ್ನು ನೆನೆದು ಕಣ್ಣು ತುಂಬಿತು. ಮೇಕಪ್ ಹಾಳಾಗುತ್ತದೆ ಅಂತ ತಡೆದುಕೊಂಡೆ.

ಅದರ ಮುಂದಿನ ಸುತ್ತೇ ಆ ಸುತ್ತು.

ಅಕ್ಷರಗಳು ಒಂದೊಂದಾಗಿ ಬಂದವು. ಜಿ, ಇ, ಆರ್, ಓ, ವಿ, ಎ, ಎನ್, ಇ, ಡಬ್ಲ್ಯೂ. ಮೊದಲು "ವ್ಯಾಗನರ್" ಕಂಡಿತು, ಗಾಡಿ ಹೊಡೆಯುವವನು, ಏಳಕ್ಷರ. ಬರೆದೆ. ಗಡಿಯಾರ ಅರ್ಧ ದಾರಿಯಲ್ಲಿದ್ದಾಗ "ಓವನ್" ಕಂಡಿತು. ಉಳಿದ ಅಕ್ಷರಗಳಲ್ಲಿ "ವೇರ್" ಇತ್ತು. ಓವನ್‌ವೇರ್. ಎಂಟು. ಅದನ್ನೂ ಬರೆದೆ. ತಕ್ಷಣ ಅಡುಗೆಮನೆಯ ಕಪಾಟು ಕಣ್ಣ ಮುಂದೆ ಬಂತು. ಆ ರಟ್ಟಿನ ಡಬ್ಬ. ಅದರ ಮೇಲೆ "ಓವನ್" ಒಂದು ಸಾಲಿನಲ್ಲಿ, "ವೇರ್" ಅದರ ಕೆಳಗಿನ ಸಾಲಿನಲ್ಲಿ. ಹಾಗಾದರೆ ಎರಡು ಪದ ಇರಬಹುದಾ? ಎರಡಾಗಿದ್ದರೆ ನಡೆಯುವುದಿಲ್ಲ. ನಿಘಂಟಿನಲ್ಲಿ ಒಂದೇ ಪದವಾಗಿ ಇರಬೇಕು. ನಿಘಂಟಿನ ಮೂಲೆಯಲ್ಲಿ ಕೂತು ಒಪ್ಪುವುದು, ತಳ್ಳುವುದು ಮಾಡುವವರು ಸೂಸಿ ಡೆಂಟ್, 1992ರಿಂದ ಅಲ್ಲಿದ್ದಾರೆ. ಅವರ ಮುಂದೆ ಎರಡು ಪದ ಅಂಟಿಸಿ ಹೇಳಿ ನಗೆಪಾಟಲಾದರೆ? ಡಬ್ಬದ ಅಗಲ ಕಡಿಮೆ ಇತ್ತು, ಅದಕ್ಕೆ ಎರಡು ಸಾಲು ಮಾಡಿದ್ದಾರೆ ಅಂತ ಯೋಚಿಸುವಷ್ಟು ಬುದ್ಧಿ ಆಗ ಬರಲಿಲ್ಲ. ಓವನ್‌ವೇರ್ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಸಂಗೀತ ನಿಂತಿತು.

"ಏಳು" ಅಂದರು ಹಿರಿಯರು.

ಇಲ್ಲಿ ಎರಡು ಸೆಕೆಂಡು ಇರುತ್ತದೆ. ಟಿವಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಅವರು ಏಳು ಅಂದಾಗಿದೆ. ನಾನು ಎಂಟು ಅಂದು, ಅದು ತಪ್ಪಾದರೆ ಅವರಿಗೆ ಏಳು, ನನಗೆ ಸೊನ್ನೆ. ಏಳು ಅಂದರೆ ಇಬ್ಬರಿಗೂ ಏಳು, ಮುಂದಿರುವ ಒಂದು ಪಾಯಿಂಟು ಹಾಗೇ ಇರುತ್ತದೆ.

"ಏಳು" ಅಂದೆ.

"ವ್ಯಾಗನರ್" ಅಂದರು ಅವರು. ನನ್ನದೂ ಅದೇ. ಇಬ್ಬರದೂ ಒಂದೇ ಪದ ಆದರೆ ಹಾಳೆ ತಿರುಗಿಸಿ ಪಕ್ಕದವರಿಗೆ ತೋರಿಸಬೇಕು. ತಿರುಗಿಸಿದೆ. ಅವರು ವ್ಯಾಗನರ್ ನೋಡಿದರು. ಅದರ ಕೆಳಗಿನದನ್ನೂ ನೋಡಿದರು. ಪ್ರಶ್ನಾರ್ಥಕ ಚಿಹ್ನೆಯನ್ನೂ ನೋಡಿದರು. ಹುಬ್ಬು ಮೇಲೇರಿತು. ಮಾತಾಡಲಿಲ್ಲ. ನಿಘಂಟಿನ ಮೂಲೆಯಿಂದ ಆ ಸುತ್ತಿನ ಅತಿ ಉದ್ದದ ಪದ ಬಂತು: ಓವನ್‌ವೇರ್. ಒಂದೇ ಪದ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಏನು ಮಾಡುವುದು.

ಮುಂದಿನ ಮೂರು ನಾಲ್ಕು ಸುತ್ತು ಏನಾಯಿತು ಅಂತ ನನಗೆ ನೆನಪಿರುವುದು ಆಮೇಲೆ ಟಿವಿಯಲ್ಲಿ ನೋಡಿದ್ದರಿಂದ. ತಲೆಯೊಳಗೆ ಪಾತ್ರೆ ಡಬ್ಬ ತಿರುಗುತ್ತಿತ್ತು. ಅವರು ಒಂದು ಎಂಟಕ್ಷರ ಹೊಡೆದರು. ಇನ್ನೆರಡು ಸಮ. ಮತ್ತೊಂದರಲ್ಲಿ ಅವರು ಪದದ ಶುರುವಿಗೆ "ರಿ" ಅಂಟಿಸಿ ಎಂಟಕ್ಷರ ಕಟ್ಟಿದರು. ಅದು ನಿಘಂಟಿನಲ್ಲಿ ಇರಲಿಲ್ಲ. ಅವರಿಗೆ ಸೊನ್ನೆ, ನನ್ನ ಬಡ ಆರಕ್ಷರಕ್ಕೆ ಆರು. ಅವರೇನಾದರೂ ಮುಖ ಸಪ್ಪಗೆ ಮಾಡಿದರಾ? ಇಲ್ಲ. "ಇರಬೇಕಿತ್ತು ಅದು" ಅಂತ ಭುಜ ಕುಣಿಸಿ ಮುಂದಿನ ಹಾಳೆ ತಿರುವಿದರು. ಆಡುವವರಲ್ಲಿ ಎರಡು ಜಾತಿ ಅಂತ ನನಗೆ ಅಲ್ಲಿ ಗೊತ್ತಾಯಿತು. ಇರಬೇಕು ಅಂತ ಹೇಳುವವರು, ಇಲ್ಲದಿದ್ದರೆ ಅಂತ ಬಿಡುವವರು. ಮೂರನೇ ಸಂಖ್ಯೆ ಸುತ್ತಿನಲ್ಲಿ ಇಬ್ಬರಿಗೂ ಹತ್ತು. ಅಕ್ಷರದ ಕೊನೇ ಸುತ್ತಿನಲ್ಲಿ ಅವರು ಮತ್ತೆ ಅನುಮಾನದ ಎಂಟಕ್ಷರ ಎಸೆದರು. ಈ ಸಲ ಅದು ನಿಘಂಟಿನಲ್ಲಿತ್ತು. 76ಕ್ಕೆ 67.

ಉಳಿದದ್ದು ಒಂದು ಸಂಖ್ಯೆ ಸುತ್ತು, ಒಂದು ಕನಂಡ್ರಮ್. ಒಂಬತ್ತು ಹಿಂದೆ. ಆಯ್ಕೆ ನನ್ನದು. ನಾಲ್ಕು ದೊಡ್ಡದು ಬಿಟ್ಟು ಬೇರೆ ಮಾತೇ ಇಲ್ಲ. ಚಿಕ್ಕವು 8 ಮತ್ತು 4. ಗುರಿ 903.

ಹನ್ನೆರಡು ಮುಕ್ಕಾಲು ಒಂಬತ್ತು! ಎಂಟು ನಾಲ್ಕು ಹನ್ನೆರಡು, ಹನ್ನೆರಡು ಮುಕ್ಕಾಲು 900. ಇನ್ನು ಮೂರು. ಕೈಯಲ್ಲಿ 25, 50, 100. ನೂರನ್ನು ಐವತ್ತರಿಂದ ಭಾಗಿಸಿದರೆ ಎರಡು, 902. ಇಪ್ಪತ್ತೈದರಿಂದ ಭಾಗಿಸಿದರೆ ನಾಲ್ಕು, 904. ಮೂರು ಎಲ್ಲಿ? ಎರಡೂ ಕಡೆ ಒಂದೊಂದು ಹೆಜ್ಜೆ ದೂರದಲ್ಲಿ ನಿಂತು ನಡುವಿನ ಹಳ್ಳ ನೋಡುತ್ತಿದ್ದೆ. ಮುಳ್ಳು ಆರಕ್ಕೆ ಬಂತು. 904 ಅಂದೆ. ನಿಖರವಾಗಿದ್ದರೆ ಹತ್ತು, ಐದರೊಳಗೆ ಇದ್ದರೆ ಏಳು. ಹಿರಿಯರು 900ಕ್ಕೇ ನಿಂತಿದ್ದರು. ಏಳು ನನಗೆ. ಆ ಎರಡು ಭಾಗಾಕಾರ ಅವರಿಗೆ ಕಾಣಲಿಲ್ಲ. ಅವರ ಅಜ್ಜ ಅಂಗಡಿ ಲೆಕ್ಕ ಬರೆಯುತ್ತಿರಲಿಲ್ಲ ಅಂತ ಕಾಣುತ್ತದೆ.

76ಕ್ಕೆ 74. ಅಂತರ ಹತ್ತಕ್ಕಿಂತ ಕಡಿಮೆ ಇದ್ದರೆ ಕನಂಡ್ರಮ್ ಮೇಲೆ ಇಡೀ ಆಟ ನಿಂತಿರುತ್ತದೆ. ಬಝರಿನ ಮೇಲೆ ಬೆರಳು ಇಟ್ಟೆವು. ಹಲಗೆ ತಿರುಗಿತು. ಕಲಸಿದ ಅಕ್ಷರಗಳು ಮೂರು ಚಿಕ್ಕ ಪದಗಳ ಹಾಗೆ ಕಂಡವು: ಟಿನ್, ಕಾನ್, ಫೆಡ್. ಟಿ, ಐ, ಎನ್, ಸಿ, ಓ, ಎನ್, ಎಫ್, ಇ, ಡಿ.

ಮೂರು ಸೆಕೆಂಡೂ ಆಗಿರಲಿಲ್ಲ. ಅವರ ಬಝರ್ ಹೊಡೆಯಿತು. ಗಡಿಯಾರ ನಿಂತಿತು. ಮುಗಿಯಿತು ಅಂತ ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಡಿಫೆಕ್ಷನ್" ಅಂದರು.

ತಪ್ಪಿನ ಸದ್ದು ಬಂತು. ಅದಕ್ಕೆ ಎರಡು ಇ ಬೇಕು, ಇದ್ದದ್ದು ಒಂದೇ. ಅವರು ಕಣ್ಣು ಮುಚ್ಚಿಕೊಂಡರು. ಒಬ್ಬರಿಗೆ ಒಂದೇ ಅವಕಾಶ. ಉಳಿದ ಸಮಯವೆಲ್ಲ ನನ್ನದು. ಇಪ್ಪತ್ತೇಳು ಸೆಕೆಂಡು, ಎದುರಾಳಿ ಇಲ್ಲ, ಅವಸರ ಇಲ್ಲ. ಇಂಥದ್ದು ಯಾರಿಗೆ ಸಿಗುತ್ತದೆ ಹೇಳಿ.

ಗಡಿಯಾರ ಮತ್ತೆ ಶುರುವಾಯಿತು. ಅವರು ಹೇಳಿದ "ಕ್ಷನ್" ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಪದ ಹಾಗೇ ಮುಗಿಯುತ್ತವೆ ಅಲ್ವಾ. ಟಿ, ಐ, ಓ, ಎನ್ ನಾಲ್ಕೂ ಹಲಗೆಯ ಮೇಲೆ ಇವೆ. ಅವನ್ನು ಕೊನೆಗೆ ತಳ್ಳಿ ಉಳಿದವನ್ನು ಮುಂದೆ ಇಟ್ಟೆ. ಇನ್ಫೆಕ್ಷನ್? ಎರಡು ಐ ಬೇಕು. ಡಿಯನ್ನು ಏನು ಮಾಡುವುದು? ಮತ್ತೆ ಡಿಫೆಕ್ಷನ್. ಅದಲ್ಲ ಅಂತ ಈಗಷ್ಟೇ ಕೇಳಿದ್ದೇನೆ, ಆದರೂ ಅದೇ. ಒಂದು ಸಲವಾದರೂ ಟಿಯನ್ನು ಪದದ ಕಟ್ಟಕಡೆಗೆ ಇಡಬೇಕಿತ್ತು. ಇಡಲಿಲ್ಲ. ಹಾಳಾದ ಸಂಗೀತದ ಕೊನೇ ಢಣ್ ಬಂತು.

ಇಬ್ಬರಿಗೂ ಬರದಿದ್ದಾಗ ಪ್ರೇಕ್ಷಕರನ್ನು ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿ "ಕಾನ್ಫಿಡೆಂಟ್" ಅಂದರು. ಹಲಗೆ ತಿರುಗಿತು. ಹೌದು, ಕಾನ್ಫಿಡೆಂಟ್. ಯಾರಾದರೂ ಕತೆಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತು ಅಂತ ಪುಸ್ತಕ ಮುಚ್ಚಿಡುತ್ತಿದ್ದೆ. ಇದು ಕತೆಯಲ್ಲ, ಸಾವಿರಾರು ಜನ ನೋಡುವ ಟಿವಿ. ನನ್ನ ಮುಖ ಆಗ ಹೇಗಿತ್ತು ಅನ್ನುವುದಕ್ಕೆ ದಾಖಲೆಯೂ ಇದೆ.

ಹಿರಿಯರು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ಓವನ್‌ವೇರ್ ನನಗೆ ಕಾಣಲೇ ಇಲ್ಲ" ಅಂದರು. "ನಿಮ್ಮ ಹಾಳೆ ನೋಡಿದಾಗ ಎದೆ ಧಸಕ್ಕಂತು. ನೀವು ಹೇಳಿದ್ದರೆ ನಾನು ಈ ಹೊತ್ತಿಗೆ ರೈಲಿನಲ್ಲಿರುತ್ತಿದ್ದೆ." ಸೋತವರಿಗೂ ಒಂದು ಚೀಲ ಕೊಡುತ್ತಾರೆ. ಅದನ್ನು ತೆಗೆದುಕೊಂಡು, ನಾಲ್ಕು ಇಸ್ತ್ರಿ ಕುರ್ತಾ ತೋಳಿಗೆ ಹಾಕಿಕೊಂಡು ಹೊರಬಂದೆ. ಅವರು ಮುಂದಿನ ಆಟಕ್ಕೆ ಷರ್ಟು ಬದಲಿಸಲು ಹೋದರು. ಅದೇ ಕಾರ್ಡಿಗನ್ ಮಾತ್ರ ಬೇಡ ಅಂತ ಯಾರೋ ಹೇಳುತ್ತಿದ್ದರು.

ಟ್ರಾಮಿನಲ್ಲಿ ಕೂತ ಮೇಲೆ ಬೇಡ ಬೇಡ ಅಂದರೂ ಲೆಕ್ಕ ಶುರುವಾಯಿತು. ಆ ಸುತ್ತಿನಲ್ಲಿ ಎಂಟು ಅಂದಿದ್ದರೆ ನನ್ನದು 75. ಅವರ ಏಳು ಹೋಗಿ 69. ಆರು ಪಾಯಿಂಟು ಮುಂದೆ. ಅವರು ಡಿಫೆಕ್ಷನ್ ಅಂದ ಕ್ಷಣವೇ ಆಟ ನನ್ನದು. ಮಗಳಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಏನೋ ಬಚ್ಚಿಟ್ಟಾಗ ಅವಳು ಹಾಗೇ ಮಾಡುವುದು, ಚಿಕ್ಕಂದಿನಿಂದ.

"ಏನೇ?" ಅಂದೆ.

"ಏನಿಲ್ಲ."

"ಹೇಳು."

"ಆ ಕೊನೇ ಪದ ನಂಗೆ ಗೊತ್ತಾಗಿತ್ತಮ್ಮ. ಅವರು ತಪ್ಪು ಹೇಳಿದ್ರಲ್ಲ, ಆಗಲೇ."

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. "ಮತ್ತೆ ಪ್ರೇಕ್ಷಕರನ್ನ ಕೇಳಿದಾಗ ಯಾಕೆ ಕೈ ಎತ್ತಲಿಲ್ಲ? ನೀನೂ ಟಿವಿಯಲ್ಲಿ ಬರ್ತಿದ್ದೆ."

"ಸರಿ ಅಂತ ಗ್ಯಾರಂಟಿ ಇರ್ಲಿಲ್ಲ" ಅಂದಳು. "ತಪ್ಪಾಗಿದ್ರೆ?"

ಟ್ರಾಮು ಸೇತುವೆ ದಾಟಿತು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಎದುರು ಸೀಟಿನವರು ತಿರುಗಿ ನೋಡುವಷ್ಟು. ಆಮೇಲೆ ಚೀಲದಲ್ಲಿ ಏನೇನು ಕೊಟ್ಟಿದ್ದಾರೆ ಅಂತ ತೆಗೆದು ನೋಡತೊಡಗಿದೆವು.